ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳೂ ನಮ್ಮ ಮಾವನ ಬಲಗೈಯೂ

ಜಗತ್ತಿನಲ್ಲಿ ನಮ್ಮ ಮಾವ ನಂಬಿದ್ದ ವಸ್ತು ಒಂದೇ ಒಂದು. ಅದು ಅವರ ಬಲಗೈ. ಅದೂ ಮೊಣಕೈವರೆಗೆ ಮಾತ್ರ! ಅದರಿಂದ ಮೇಲಿನ ಭಾಗದ ಬಗ್ಗೆ ಅವರ ಅಭಿಪ್ರಾಯ ಏನಿತ್ತೋ ನಾನು ಕೇಳಿಲ್ಲ. ಕೇಳಿದ್ದರೆ “ಯಾಕೆ ಕೇಳ್ತಿದೀಯ? ಯಾರು ಕೇಳು ಅಂದ್ರು?” ಎಂದು ನನ್ನನ್ನೇ ವಿಚಾರಣೆಗೆ ನಿಲ್ಲಿಸುತ್ತಿದ್ದರು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಶಿಡ್ಲಘಟ್ಟದ ನಮ್ಮ ಮನೆಯ ಹಿಂದುಗಡೆ ಶೀಟು ಹೊದಿಸಿದ ಒಂದು ಫಿಲೇಚರ್ ಇತ್ತು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಜಾಗ. ಅದನ್ನು ನಡೆಸುತ್ತಿದ್ದವರು ಅವರೇ. ದಿನಾ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗಿ ಗೂಡು ಆರಿಸಿ ತರಬೇಕು. ರೈತರು ಜಾಲರಿಗಳಲ್ಲಿ ಗೂಡು ಸುರಿದಿರುತ್ತಾರೆ. ಮೇಲೆ ಕಲೆಯಿಲ್ಲದ ಗಟ್ಟಿ ಗೂಡುಗಳು ಕಾಣುತ್ತವೆ. ತಳದಲ್ಲಿ ಏನಿದೆಯೋ ದೇವರೇ ಬಲ್ಲ. ಅದಕ್ಕೇ ಕೊಳ್ಳುವವರು ಅಂಗಿಯ ತೋಳು ಮಡಚಿ, ಮೊಣಕೈ ಮುಳುಗುವವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತುತ್ತಾರೆ. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಹುಳ ಟಕಟಕ ಎಂದರೆ ಒಳ್ಳೆಯ ಗೂಡು. ಸದ್ದು ಮಂಕಾಗಿದ್ದರೆ ಹುಳ ಒಳಗೇ ಸತ್ತು ಅಂಟಿಕೊಂಡಿದೆ ಎಂದರ್ಥ. ಇದನ್ನು ನೂಲು ತೆಗೆಯುವ ಊರಿನ ಎಲ್ಲ ರೀಲರುಗಳೂ ಮಾಡುತ್ತಾರೆ. ಆದರೆ ಮಾರ್ಕೆಟ್ಟಿನಿಂದ ಹೊರಗೆ ಬಂದ ಮೇಲೆ ಅವರೆಲ್ಲ ಮಡಚಿದ ತೋಳನ್ನು ಇಳಿಸಿಕೊಳ್ಳುತ್ತಾರೆ. ನಮ್ಮ ಮಾವ ಇಳಿಸಿಕೊಳ್ಳುತ್ತಿರಲಿಲ್ಲ.

ಮದುವೆ ಮನೆಗಳಲ್ಲಿ ಹುಳಿ ಬಡಿಸುವವನ ಎದುರು ಎಲೆಗೆ ಕೈ ಅಡ್ಡ ಹಿಡಿದು “ಸ್ವಲ್ಪ ತಳದಿಂದ ಹಾಕಪ್ಪ, ಮೇಲಿನದು ಎಲ್ಲರಿಗೂ ಗೊತ್ತಿರೋದೇ” ಎನ್ನುತ್ತಿದ್ದರು. ಒಮ್ಮೆ ಗೌರಿಬಿದನೂರಿನ ಕಡೆ ಇವರಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಬಂದಳು, ಕಾಫಿ ಬಂತು, ಎಲ್ಲರೂ ನಕ್ಕರು. ಮಾವ ಎದ್ದು ನಿಂತು “ಮುಂದಿನ ಹಾಲ್ ಎಲ್ಲರೂ ತೋರಿಸ್ತಾರೆ. ಹಿತ್ತಲು ಎಲ್ಲೈತೆ?” ಎಂದರು. ಹಿತ್ತಲನ್ನೇನೋ ತೋರಿಸಿದರು. ಆದರೆ ಅಲ್ಲಿಂದಲೇ ಬೀದಿಗೂ ದಾರಿ ತೋರಿಸಿದರು. ಮಾವ ಮದುವೆಯಾಗದೇ ಉಳಿದ ಕಥೆ ಇಷ್ಟೇ!

ಬಸ್ಸಿನದು ಇನ್ನೊಂದು ಪ್ರಹಸನ. ಚಿಂತಾಮಣಿ ಬಸ್ಸಿಗೆ ಹತ್ತುವ ಮುಂಚೆ ಬೋರ್ಡು ಓದುತ್ತಿದ್ದರು. ಬೋರ್ಡನ್ನು ಯಾರು ಬೇಕಾದರೂ ಬರೆಯಬಹುದಲ್ಲವೆ? ಹಾಗಾಗಿ ಡ್ರೈವರನ್ನು ಕೇಳುತ್ತಿದ್ದರು. ಆಮೇಲೆ ಕಂಡಕ್ಟರನ್ನು. ಆಮೇಲೆ ಕಿಟಕಿಯ ಪಕ್ಕ ಕೂತ ಯಾವುದಾದರೂ ಅಜ್ಜಿಯನ್ನು. ಮೂವರೂ ಚಿಂತಾಮಣಿ ಎಂದರೆ ನಮ್ಮಂಥವರಿಗೆ ಸಮಾಧಾನವಾಗುತ್ತದೆ. ಮಾವನ ಹುಬ್ಬು ಮೇಲೇರುತ್ತಿತ್ತು. “ಮೂರು ಜನಾನೂ ಒಂದೇ ಮಾತು ಹೇಳ್ತಾವ್ರೆ ಅಂದ್ರೆ ಮೊದಲೇ ಮಾತಾಡ್ಕೊಂಡವ್ರೆ ಕಣಮ್ಮ!” ಆ ಬಸ್ಸು ಬಿಟ್ಟು ನಾವು ಮುಂದಿನ ಬಸ್ಸಿಗೆ ಕಾಯುತ್ತಿದ್ದೆವು.

ಇಂಥವರ ಕೈಗೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ವಿಡಿಯೋ ಗೇಮ್ ಸಿಕ್ಕಿದರೆ ಏನಾಗುತ್ತದೆ, ಹೇಳಿ?

ತೊಂಬತ್ತರ ದಶಕದ ನಡುವಿನ ಮಾತು. ನಾನು ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದೆ. ಅಂಬಾಜಿದುರ್ಗದ ಬೆಟ್ಟಕ್ಕೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗಿದ್ದಾಗ ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರಿದೆ. ಹಾರಿದ್ದೇನೋ ಸರಿಯಾಗಿಯೇ, ಇಳಿದದ್ದು ಮಾತ್ರ ತಪ್ಪಾಯಿತು. ಬಲಗಾಲಿನ ಮೂಳೆ ಮುರಿಯಿತು. ಚಿಕ್ಕಬಳ್ಳಾಪುರದ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದಾಗ ಮಾವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಭಾಗವನ್ನೂ ನೋಡಿ “ಇದು ನಮ್ಮ ಹುಡುಗೀದೇ ಕಾಲು ಅಂತ ಹೆಂಗ್ ನಂಬೋದು ಸಾರ್?” ಎಂದು ಕೇಳಿದರು. ಡಾಕ್ಟರು ನಕ್ಕು, ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಕಾಲು ನೆಲಕ್ಕೆ ತಾಗಿಸಕೂಡದು ಎಂದರು.

ಮೂರನೇ ದಿನವೇ ತಾಗಿಸಿದೆ! ಹೊರಗೆ ಪಕ್ಕದ ಮನೆಯ ಶಬಾನಾ ಮತ್ತು ಉಳಿದವರು ಕುಂಟಾಬಿಲ್ಲೆ ಆಡುತ್ತಿದ್ದರು. ಹೇಗಿದ್ದರೂ ಒಂಟಿ ಕಾಲಿನ ಆಟ ತಾನೇ, ನನಗೂ ಒಂದು ಕಾಲು ಚೆನ್ನಾಗಿಯೇ ಇದೆಯಲ್ಲ ಎಂದು ಲೆಕ್ಕ ಹಾಕಿದೆ. ಎರಡನೇ ಮನೆ ದಾಟುವಷ್ಟರಲ್ಲಿ ಬಿದ್ದೆ. ಪ್ಲಾಸ್ಟರ್ ಬಿರುಕು ಬಿಟ್ಟಿತು, ಒಳಗೆ ಮೂಳೆ ಜರುಗಿತು. ಡಾಕ್ಟರು ಮತ್ತೆ ಸರಿಮಾಡಿ ಕಟ್ಟಿ, ಈ ಸಲ ನಗದೇ ಹೇಳಿದರು. “ಆರು ವಾರ ಇವಳು ಮಂಚ ಬಿಟ್ಟು ಇಳಿಯಕೂಡದು. ಇನ್ನೊಂದು ಸಲ ಹೀಗಾದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳತ್ತೆ. ಆಮೇಲೆ ಜೀವನಪೂರ್ತಿ ಕುಂಟಬೇಕಾಗತ್ತೆ.”

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ದೇವರಾಣೆ ಇನ್ನು ಏಳುವುದಿಲ್ಲ ಎಂದೆ. ಮಾವ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾಲ್ಕು ತಲೆಮಾರಿನಿಂದ ಗೂಡು ನೋಡಿದ ವಂಶದ ಕಣ್ಣು ಅದು. “ಇವಳನ್ನ ನಂಬಕ್ಕಾಗಲ್ಲ ಅಕ್ಕ” ಎಂದರು.

ಮಾರನೇ ದಿನ ಮಾರ್ಕೆಟ್ಟು ಮುಗಿಸಿಕೊಂಡು ಮಾವ ಎಲ್ಲಿಗೋ ಹೋದರು. ಸಂಜೆ ಚಿಂತಾಮಣಿ ಬಸ್ಸಿನಿಂದ ಇಳಿದು ಬಂದಾಗ ಕೈಯಲ್ಲಿ ಬಣ್ಣಬಣ್ಣದ ಡಬ್ಬ! ಒಳಗೆ ವಿಡಿಯೋ ಗೇಮ್ ಪೆಟ್ಟಿಗೆ, ವೈರು ಕಟ್ಟಿದ ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ದಪ್ಪಕ್ಷರದಲ್ಲಿ 9999. ನನ್ನ ಮಂಚದ ಎದುರು ನಮ್ಮ ಶಟರ್ ಬಾಗಿಲಿನ ಬ್ಲ್ಯಾಕ್ ಅಂಡ್ ವೈಟ್ ಟಿವಿಯನ್ನು ತಂದಿಟ್ಟು, ಶಬಾನಾಳೂ ನಾನೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಮಾವ ಸ್ವಿಚ್ ಹಾಕಿದರು. ಪರದೆಯ ತುಂಬ ಪಟ್ಟಿ. ಒಂದು, ಎರಡು, ಮೂರು... ಹತ್ತು ಮುಗಿದರೆ ಇನ್ನೊಂದು ಪುಟ. ಅದು ಮುಗಿದರೆ ಮತ್ತೊಂದು. ಕೊನೆಯೇ ಇಲ್ಲ.

“ಒಂದನೇದು ಹಾಕಿ ಮಾವ!” ಎಂದೆ.

ಹಾಕಿದರು. ಕೊಡೆ ಹಿಡಿದ ಒಬ್ಬ ಗಿಡ್ಡ ಮನುಷ್ಯ ಏಣಿ ಹತ್ತುತ್ತ, ಮೇಲಿಂದ ಬೀಳುವ ಹಣ್ಣುಗಳನ್ನು ಕೊಡೆಯಲ್ಲಿ ಹಿಡಿಯುತ್ತ, ಮಹಡಿಯಿಂದ ಮಹಡಿಗೆ ಹೋಗುತ್ತಾನೆ. ಎಷ್ಟು ಚೆನ್ನಾಗಿತ್ತು ಅಂತೀರ! ನಾನು ಮೂರನೇ ಮಹಡಿ ಮುಟ್ಟಿದ್ದೆ. ಕೊನೆಯ ಮಹಡಿಯಲ್ಲಿ ಏನಿದೆಯೋ ನೋಡಲೇಬೇಕು ಎಂದು ಜೀವ ತುಡಿಯುತ್ತಿತ್ತು. ಅಷ್ಟರಲ್ಲಿ ಮಾವ ಬಟನ್ ಒತ್ತಿ ನಿಲ್ಲಿಸಿಬಿಟ್ಟರು.

“ಯಾಕೆ ಮಾವ?”

“ಮೇಲಿರೋದನ್ನ ಯಾರಾದ್ರೂ ತಗೋತಾರೇನಮ್ಮ? ಒಳ್ಳೇದೆಲ್ಲ ಮೇಲೇ ಇಟ್ಟಿರ್ತಾರೆ. ತಳ ನೋಡ್ಬೇಕು.” ಮಾವ ಬಲದ ತೋಳನ್ನು ಇನ್ನೊಂದು ಮಡಿಕೆ ಮೇಲೇರಿಸಿದರು.

ಅಂದಿನಿಂದ ಶುರುವಾಯಿತು. ಪುಟದ ಮೇಲೆ ಪುಟ ತಿರುವಿ, ಹೆಬ್ಬೆರಳು ಕೆಂಪಗಾದ ಮೇಲೆ ಮಾವ ಆರು ಸಾವಿರದ ಇನ್ನೂರ ಹದಿಮೂರರಲ್ಲಿ ಕೈ ಇಳಿಸಿದರು. ಬಟನ್ ಒತ್ತಿದರೆ ಯಾರು ಬರಬೇಕು? ಅದೇ ಕೊಡೆಯವನು! ಅದೇ ಏಣಿ, ಅದೇ ಹಣ್ಣು. ಪಟ್ಟಿಯಲ್ಲಿ ಹೆಸರು ಮಾತ್ರ ಬೇರೆ.

ಸಿಟ್ಟು ಬಂದರೆ ಮಾವನಿಗೆ ತೆಲುಗು ಬರುತ್ತಿತ್ತು. “ಮೋಸಂ! ಅಂತಾ ಮೋಸಂ!” ಎಂದು ಎದ್ದು ನಿಂತರು. ಮತ್ತೆ ಕೂತರು. “ಹೆಸರು ಬದಲಾಯಿಸ್ಕೊಂಡು ಬಂದವ್ನೆ ನೋಡು. ಅಥವಾ ಇವನು ಅವನ ತಮ್ಮ ಇರಬಹುದು. ಮೂರು ಮಹಡಿ ನೋಡಿ ಹೇಳಕ್ಕಾಗಲ್ಲ. ಒಂದೊಂದೇ ಅಲ್ಲಾಡಿಸಿ ನೋಡ್ಬೇಕು. ಮೊದಲು ಪೂರ್ತಿ ನೋಡಣ, ಆಮೇಲೆ ಒಂದನ್ನ ಆರಿಸ್ಕೊಂಡು ಆಡಣ.”

“ಅರೆ ಅಂಕಲ್, ಆಡೋದ್ ಯಾವಾಗ?” ಎಂದಳು ಶಬಾನಾ. ಮಾವ ಆಗಲೇ ಮುಂದಿನ ನಂಬರು ಒತ್ತಿದ್ದರು.

ಒಂದು ಕ್ರಮ ಏರ್ಪಟ್ಟಿತು. ದಿನಕ್ಕೆ ನಲವತ್ತು ಆಟ. ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಮೂರು ಮನೆ: ಹೊಸದು, ಹಳೇದು, ಅನುಮಾನ. ಮಾವ ಮಾರ್ಕೆಟ್ಟಿಗೆ ಹೊರಡುವ ಮುಂಚೆ ಆ ದಿನದ ನಂಬರು ಹೇಳುತ್ತಿದ್ದರು. ಶಬಾನಾ ಬರೆಯಬೇಕು, ನಾನು ಆಡಿ ಪರೀಕ್ಷಿಸಬೇಕು. “ಮಧ್ಯದಲ್ಲಿ ಎದ್ದೆ ಅಂದ್ರೆ ಒಂದು ತಪ್ಪಿಹೋಗತ್ತೆ. ಆ ತಪ್ಪಿದ್ದರಲ್ಲೇ ಒಳ್ಳೇ ಆಟ ಇದ್ರೆ?” ಎಂದು ಹೆದರಿಸಿ ಹೋಗುತ್ತಿದ್ದರು. ಬಂದ ಮೇಲೆ ಅರ್ಧ ಗಂಟೆ ಮರುಪರಿಶೀಲನೆ. ಮೊದಲ ಮನೆ ಬೇಗ ನಿಂತುಹೋಯಿತು. ಎರಡನೆಯದು ನಿಧಾನವಾಗಿ ಬೆಳೆಯಿತು. ಮೂರನೆಯದು ಬಾಗಿಲು ಮುಗಿದು ಗೋಡೆಗೆ ಹತ್ತಿತು!

ಈ ರೋಗ ಅಂಟುವಂಥದ್ದು ಎಂದು ಆಮೇಲೆ ಗೊತ್ತಾಯಿತು. ಎರಡನೇ ವಾರದಲ್ಲಿ ನಾನೇ “ಮಾವ, ಇನ್ನೂರ ಎಂಬತ್ತೊಂದರಲ್ಲಿ ಕೊಡೆ ಎಡಗೈಲಿದೆ!” ಎಂದು ಕೂಗಿದೆ. ಮಾವ ಫಿಲೇಚರಿನಿಂದ ಒದ್ದೆ ಕೈಯಲ್ಲೇ ಓಡಿಬಂದರು. ನಾವಿಬ್ಬರೂ ಟಿವಿಗೆ ಮೂಗು ತಾಗುವಷ್ಟು ಬಾಗಿ ನೋಡಿದೆವು. ಕೊಡೆಯವನು ಎಡಕ್ಕೆ ತಿರುಗಿದಾಗ ಎಡಗೈ, ಬಲಕ್ಕೆ ತಿರುಗಿದಾಗ ಬಲಗೈ. “ಯಾವಾಗಲೂ ಹಿಂಗೇ ತಾನೇ?” ಎಂದಳು ಶಬಾನಾ. ಮಾವ ಗಂಭೀರವಾಗಿ ತಲೆಯಾಡಿಸಿ “ಬರ್ಕೊಳಮ್ಮ, ಅನುಮಾನ” ಎಂದರು.

ಎಂಟುನೂರ ಹನ್ನೆರಡರದು ಮಾತ್ರ ಮರೆಯಲಾರದ ಪ್ರಕರಣ. ಆ ನಂಬರಿಗೆ ಬಂದಾಗ ಕರೆಂಟು ಹೋಯಿತು. ಮಾರನೇ ದಿನವೂ ಅಲ್ಲಿಗೆ ಬಂದಾಗಲೇ ಹೋಯಿತು. ಮೂರನೇ ದಿನವೂ ಹೋದಾಗ ಮಾವ ಕುರ್ಚಿಗೆ ಒರಗಿ ಕಣ್ಣು ಕಿರಿದು ಮಾಡಿದರು. “ಸರಿಯಾಗಿ ಎಂಟುನೂರ ಹನ್ನೆರಡಕ್ಕೇ ತೆಗೀತಾರೆ. ಅಲ್ಲೇನೋ ಐತೆ ಕಣಮ್ಮ.” ಆ ಸಂಜೆ ಶಬಾನಾ, ನಾನು, ಕೊನೆಗೆ ಅಮ್ಮ ಕೂಡ ಎಂಟುನೂರ ಹನ್ನೆರಡರಲ್ಲಿ ಏನಿರಬಹುದು ಎಂದೇ ಮಾತಾಡಿದೆವು. ನಾಲ್ಕನೇ ದಿನ ಕರೆಂಟು ಕೈಕೊಡಲಿಲ್ಲ. ಬಟನ್ ಒತ್ತಿದೆ. ಚೆಂಡು ಹೊಡೆದು ಇಟ್ಟಿಗೆ ಒಡೆಯುವ ಆಟ, ಅದುವರೆಗೆ ಮೂವತ್ತು ಸಲ ನೋಡಿದ್ದು! ಎಲ್ಲರೂ ಮಾವನ ಮುಖ ನೋಡಿದೆವು. ಅವರಿಗೇನೂ ಆಶ್ಚರ್ಯವಿರಲಿಲ್ಲ.

“ತೆಗೆದುಬಿಟ್ಟವ್ರೆ” ಎಂದರು.

ಈಗಿನವರು ಆ ಕಾಲದ ಆಟಗಳನ್ನು ಹುಡುಕಿ ತಂದು ಆಡುತ್ತಾರಂತೆ. ಸಾವಿರಾರು ಆಟಗಳ ಪಟ್ಟಿ ಮುಂದಿಟ್ಟುಕೊಂಡು, ಯಾವುದು ಆಡಲಿ ಎಂದು ಹುಡುಕುವುದರಲ್ಲೇ ಆಕಳಿಸಿ ಎದ್ದುಹೋಗುತ್ತಾರಂತೆ. ಅವರಿಗೆ ಆಯ್ಕೆಯ ಕಷ್ಟ. ನಮಗೆ ಎಲ್ಲಿತ್ತು ಆಯ್ಕೆ? ಆಯ್ಕೆಯ ಹಕ್ಕು ಪರೀಕ್ಷೆ ಮುಗಿದ ಮೇಲೆ ಮಾತ್ರ ಎಂದು ಮಾವ ತೀರ್ಮಾನಿಸಿಬಿಟ್ಟಿದ್ದರು. ನನಗಂತೂ ಅವರ ಮೇಲೆಯೇ ಒಂದು ಅನುಮಾನ ಬಂದಿತ್ತು. ನನ್ನ ನೆಪದಲ್ಲಿ ತಮಗೆ ತಂದುಕೊಂಡಿದ್ದಾರೆ, ನನ್ನನ್ನು ಬಿಟ್ಟಿ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ!

ಒಂದು ಮಧ್ಯಾಹ್ನ ಆ ಸಿಟ್ಟು ನೆತ್ತಿಗೇರಿತು. ಶಬಾನಾ ಬಂದಿರಲಿಲ್ಲ, ಅಮ್ಮ ಅಂಗಡಿಗೆ ಹೋಗಿದ್ದರು, ಮಾವ ಇನ್ನೂ ಮಾರ್ಕೆಟ್ಟಿನಿಂದ ಬಂದಿರಲಿಲ್ಲ. ಹೊರಗೆ ಯಾರೋ ಲಗೋರಿ ಆಡುವ ಗಲಾಟೆ. ರಿಮೋಟನ್ನು ದಿಂಬಿನ ಮೇಲೆ ಎಸೆದೆ. ಹಾಳಾಗಿಹೋಗಲಿ, ಬಾಗಿಲವರೆಗೆ ಹೋಗಿ ನೋಡಿ ಬಂದರೆ ಮೂಳೆಗೆ ಹೇಗೆ ಗೊತ್ತಾಗುತ್ತದೆ? ಪ್ಲಾಸ್ಟರ್ ಕಾಲನ್ನು ಎರಡು ಕೈಯಲ್ಲಿ ಎತ್ತಿ ಮಂಚದ ಅಂಚಿಗೆ ತಂದೆ. ಒಳ್ಳೆಯ ಕಾಲು ನೆಲ ಮುಟ್ಟಿತು. ಆಗ ನೆನಪಾಯಿತು: ಸಾವಿರದ ನೂರ ಇಪ್ಪತ್ತೇಳು. ಹಿಂದಿನ ದಿನ ಅದರಲ್ಲಿ ಹಣ್ಣಿನ ಬದಲು ಏನೋ ಉದ್ದಗೆ ಬಿದ್ದ ಹಾಗಿತ್ತು. ಹಾವೋ? ಹಗ್ಗವೋ? ಅದನ್ನು ಇವತ್ತು ಮೊದಲು ಇನ್ನೊಮ್ಮೆ ನೋಡಬೇಕಿತ್ತು. ಸುಮ್ಮನೆ ಕಾಲೆತ್ತಿ ಮತ್ತೆ ಮಂಚದ ಮೇಲಿಟ್ಟುಕೊಂಡು ರಿಮೋಟ್ ತೆಗೆದುಕೊಂಡೆ. ಬಿದ್ದದ್ದು ಬಾಳೆಹಣ್ಣು. ಮತ್ತೆ ಹಳೇದು.

ಆರು ವಾರ ಹೀಗೇ ಕಳೆಯಿತು. ಸಾವಿರದ ಆರುನೂರ ಎಂಬತ್ತಕ್ಕೆ ಬಂದು ನಿಂತಿದ್ದೆವು. ಪ್ಲಾಸ್ಟರ್ ಬಿಚ್ಚುವ ಹಿಂದಿನ ಮಧ್ಯಾಹ್ನ ಮಾವ ಇದ್ದಕ್ಕಿದ್ದಂತೆ “ಸಾಕು. ಇವತ್ತು ಆರಿಸ್ಕೊ. ಯಾವುದು ಬೇಕೋ ಆಡು” ಎಂದರು. ನಾನು ಯೋಚಿಸಲೂ ಇಲ್ಲ. “ಒಂದನೇದು” ಎಂದೆ.

“ಮೇಲಿನದ್ದೇ?”

“ಮೇಲಿನದ್ದೇ.”

ಮಾವ ನಿಟ್ಟುಸಿರು ಬಿಟ್ಟರು. ಆದರೆ ಪಕ್ಕದಲ್ಲೇ ಕೂತರು. ಆರು ವಾರದಲ್ಲಿ ಪಳಗಿದ ಕೈ, ಕೊಡೆಯವನನ್ನು ಹತ್ತಿಸಿದೆ, ಹತ್ತಿಸಿದೆ, ಇಪ್ಪತ್ತನೇ ಮಹಡಿಗೆ ಹತ್ತಿಸಿದೆ. ಕೊನೆಯ ಏಣಿ! ಹತ್ತಿದವನೇ ಮತ್ತೆ ಒಂದನೇ ಮಹಡಿಯಲ್ಲಿ ನಿಂತಿದ್ದ. ಮೇಲೆ ಏನೂ ಇರಲಿಲ್ಲ. ನನಗೆ ಅಳು ಬರುವಂತಾಯಿತು. ಮಾವ ಮಾತ್ರ ಬಹಳ ಸಮಾಧಾನದಿಂದ “ನೋಡ್ದಾ? ನಾನು ಆವತ್ತೇ ಹೇಳ್ಲಿಲ್ವಾ?” ಎಂದರು.

ಮಾರನೇ ದಿನ ಡಾಕ್ಟರು ಪ್ಲಾಸ್ಟರ್ ಕತ್ತರಿಸಿ, ಕಾಲು ಮುಟ್ಟಿ ನೋಡಿ, “ನೇರವಾಗಿ ಕೂಡಿದೆ” ಎಂದರು. ಅಮ್ಮ ಕೈಮುಗಿದರು. ಮಾವ ಜೇಬಿನಿಂದ ಒಂದು ಎಳೆ ರೇಷ್ಮೆ ನೂಲು ತೆಗೆದು ನನ್ನ ಎರಡೂ ಕಾಲನ್ನು ಸೊಂಟದಿಂದ ಹಿಮ್ಮಡಿವರೆಗೆ ಅಳೆದರು. ಎರಡು ಸಲ ಅಳೆದರು. ಡಾಕ್ಟರು ಕೈಕಟ್ಟಿ ನಿಂತು ನೋಡುತ್ತಿದ್ದರು. “ಸರಿ ಐತೆ” ಎಂದು ಮಾವ ಅವರಿಗೆ ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ನಾವು ಹೊರಟದ್ದು.

ಅಲ್ಲಿಂದ ಹೊಸದೊಂದು ಕಾಟ ಶುರುವಾಯಿತು. ಮಾರ್ಕೆಟ್ಟಿಗೆ ಹೋಗಲಿ, ಬಸ್‌ಸ್ಟ್ಯಾಂಡಿಗೆ ಹೋಗಲಿ, ಮಾವ ನನ್ನ ಜೊತೆ ನಡೆಯುತ್ತಿರಲಿಲ್ಲ. “ನೀನು ಮುಂದೆ ನಡಿ” ಎಂದು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದರು. ಹೈಸ್ಕೂಲು ಮುಗಿದರೂ ಅದೇ, ಕಾಲೇಜಿಗೆ ಸೇರಿದರೂ ಅದೇ. ಪೊಲೀಸಿನವರು ಕಳ್ಳಿಯನ್ನು ಕರೆದುಕೊಂಡು ಹೋದ ಹಾಗೆ! ಎಲ್ಲಿ ಹಾರುತ್ತಾಳೋ, ಎಲ್ಲಿ ಓಡಿಹೋಗುತ್ತಾಳೋ ಎಂದು ಕಾವಲು ಕಾಯುತ್ತಾರೆ ಎಂದುಕೊಂಡಿದ್ದೆ. ಸಿಟ್ಟು ಬರುತ್ತಿತ್ತು. ಇಷ್ಟು ವರ್ಷವಾದರೂ ನಂಬಿಕೆ ಇಲ್ಲವೆ?

ದಶಕ ಮುಗಿಯುತ್ತ ಬಂದಾಗ ಚಿಂತಾಮಣಿಯಲ್ಲಿ ಶಬಾನಾಳ ಅಕ್ಕನ ನಿಕಾ ಆಯಿತು. ಊಟದ ಹೊತ್ತಿನಲ್ಲಿ ಶಬಾನಾ ತನ್ನ ತಾಯಿಯ ಅಣ್ಣನನ್ನು ಪರಿಚಯ ಮಾಡಿಸಿದಳು. ಟಿವಿ, ರೇಡಿಯೋ ಅಂಗಡಿಯವರು. ನಾನು ಶಿಡ್ಲಘಟ್ಟದ ಫಿಲೇಚರಿನವರ ಅಕ್ಕನ ಮಗಳು ಎಂದಾಗ ಕೈಯಲ್ಲಿದ್ದ ನೀರಿನ ಜಗ್ಗನ್ನು ಕೆಳಗಿಟ್ಟು ನಕ್ಕರು.

“ತೋಳು ಮಡಚ್ಕೊಂಡಿರ್ತಾರಲ್ಲ, ಅವರಾ? ಅವರನ್ನ ಮರೆಯೋದುಂಟಾ ಬೇಟಿ! ಒಂದು ಮಧ್ಯಾಹ್ನ ಪೂರ್ತಿ ನಮ್ಮ ಅಂಗಡೀಲಿ ಕೂತು ಇರೋ ಕ್ಯಾಸೆಟ್ಟೆಲ್ಲ ಹಾಕಿಸಿ ನೋಡಿದ್ರು. ಒಂಬತ್ತು ಸಾವಿರದ್ದು ಬೇಡ ಸಾಬ್, ಅದರಲ್ಲಿರೋದು ಬರೀ ಇಪ್ಪತ್ತೇಳು ಆಟ, ಅದೇ ತಿರುಗಾಮುರುಗಾ ಬರತ್ತೆ ಅಂತ ನಾನೇ ಹೇಳ್ದೆ. ಮೂರೇ ಆಟದ್ದು ಒಂದಿತ್ತು, ಮೂರೂ ಅಸಲಿ. ಅದನ್ನ ತಗೊಳಿ ಅಂದೆ.”

“ಅದಕ್ಕೇನಂದ್ರು?”

“ಮೂರು ಆಟ ಎಷ್ಟು ದಿನ ಬರತ್ತೆ ಅಂತ ಕೇಳಿದ್ರು. ಒಂದು ವಾರ ಬರಬಹುದು ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದ್ರು. ಆಮೇಲೆ, ‘ನಮ್ಮ ಹುಡುಗಿ ಆರು ವಾರ ಕೂರ್ಬೇಕು ಭಾಯ್. ಮೋಸದ್ದೇ ಕೊಡಿ’ ಅಂದ್ರು.”

ಮಾವ ಜೀವಮಾನದಲ್ಲಿ ಒಂದು ಜಳ್ಳು ಗೂಡನ್ನು ಕಣ್ತಪ್ಪಿ ಕೂಡ ಮನೆಗೆ ತಂದವರಲ್ಲ. ಅಂಥವರು ಗೊತ್ತಿದ್ದೂ ಗೊತ್ತಿದ್ದೂ ಮೋಸದ್ದನ್ನು ಕೇಳಿ ಕೊಂಡಿದ್ದರು. ಹೆಸರು ಬದಲಾಯಿಸಿದವನು, ಅವನ ತಮ್ಮ, ಎಡಗೈ ಕೊಡೆ, ಎಂಟುನೂರ ಹನ್ನೆರಡು, ಎಲ್ಲವನ್ನೂ ನನಗಾಗಿ ಕಟ್ಟಿದ್ದರು.

ಸಂಜೆ ಮನೆಗೆ ಬಂದವಳು ನೇರ ಫಿಲೇಚರಿಗೆ ಹೋದೆ. ಮಾವ ಗೂಡಿನ ಬುಟ್ಟಿಯ ಮುಂದೆ ಕೂತಿದ್ದರು. “ಮಾವ, ಚಿಂತಾಮಣಿ ಅಂಗಡಿಯ ಭಾಯ್ ಸಿಕ್ಕಿದ್ರು. ಇಪ್ಪತ್ತೇಳೇ ಆಟ ಅಂತ ನಿಮಗೆ ಮೊದಲೇ ಗೊತ್ತಿತ್ತಂತೆ” ಎಂದೆ. ನನ್ನ ಕಣ್ಣು ತುಂಬಿತ್ತು.

ಮಾವ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬಹಳ ಹೊತ್ತು ಅಲ್ಲಾಡಿಸಿದರು.

“ಅಂಗಡಿಯವರ ಮಾತು ನಂಬ್ತಾರೇನಮ್ಮ? ಇಷ್ಟು ವರ್ಷ ನನ್ನ ಜೊತೆ ಇದ್ದು ಏನ್ ಕಲಿತೆ ನೀನು?” ಎಂದು ಎದ್ದರು. “ಅಕ್ಕ ಕಾಫಿಗೆ ಕರೀತಾವ್ಳೆ. ನೀನು ಮುಂದೆ ನಡಿ.”

ಫಿಲೇಚರಿನಿಂದ ಅಡುಗೆಮನೆಗೆ ಇಪ್ಪತ್ತು ಹೆಜ್ಜೆ. ಆವತ್ತು ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ನಾಲ್ಕು ಹೆಜ್ಜೆ ಹಿಂದೆ ನಿಂತು ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಬಲಗಾಲನ್ನು. ನಾನು ಹಿಂದೆ ತಿರುಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಹೆಜ್ಜೆಯನ್ನು ನೇರವಾಗಿ, ನಿಧಾನವಾಗಿ ಇಟ್ಟು, ಇಪ್ಪತ್ತು ಹೆಜ್ಜೆಯ ದಾರಿಯನ್ನು ನಲವತ್ತು ಮಾಡಿಕೊಂಡು ನಡೆದೆ. ನೋಡಲಿ, ತಳದವರೆಗೂ ನೋಡಿಕೊಳ್ಳಲಿ ಎಂದು.